ಅಪ್ಪಂದಿರು ಕಟ್ಟಿದ ಗೋಡೆ

ಅಕ್ಕಪಕ್ಕದ ಮನೆಯ ಇಬ್ಬರು ಅಪ್ಪಂದಿರು. ಒಬ್ಬನಿಗೆ ಮಗ, ಇನ್ನೊಬ್ಬನಿಗೆ ಮಗಳು. ಇಬ್ಬರಿಗೂ ತೋಟದ ಹುಚ್ಚು. ಇಬ್ಬರೂ ಜೀವದ ಗೆಳೆಯರು, ಬೀಗರಾಗಬೇಕೆಂಬುದು ಇಬ್ಬರ ಬಹುದಿನದ ಆಸೆ. ಆದರೆ ‘ಮದುವೆಯಾಗಿ’ ಎಂದು ಬಾಯಿಬಿಟ್ಟು ಹೇಳಿದರೆ ಮಕ್ಕಳು ಕೇಳಿಯಾರೆ? ಕಾದಂಬರಿ ಓದಿ ಕನಸು ಕಾಣುವ ಹದಿನಾರರ ಹುಡುಗಿ ಅಪ್ಪ ತೋರಿಸಿದ ಪಕ್ಕದ ಮನೆಯ ಹುಡುಗನನ್ನು ಒಪ್ಪಿಯಾಳೆ? ಅದಕ್ಕೆ ಅವರು ಒಂದು ಹೂಟ ಹೂಡುತ್ತಾರೆ. ಎರಡು ತೋಟಗಳ ನಡುವೆ ಗೋಡೆ ಎಬ್ಬಿಸುತ್ತಾರೆ, ಮಕ್ಕಳ ಕಿವಿಗೆ ಬೀಳುವಂತೆ ಕಿತ್ತಾಡುತ್ತಾರೆ, ‘ಆ ಮನೆಯ ಕಡೆ ಕಣ್ಣೆತ್ತಿ ನೋಡಿದರೆ ಜೋಕೆ’ ಎಂದು ಕಟ್ಟಪ್ಪಣೆ ಮಾಡುತ್ತಾರೆ. ಮುಂದಿನದನ್ನು ಹೇಳಬೇಕಾದ್ದೇ ಇಲ್ಲ. ಹುಡುಗ ಮರ ಹತ್ತಿ, ಹುಡುಗಿ ಗೋಡೆಗೆ ಕಿವಿಗೊಟ್ಟು, ಇಬ್ಬರೂ ಜಗತ್ತಿನಲ್ಲಿ ಯಾರೂ ಮಾಡದ ಸಾಹಸ ಮಾಡುತ್ತಿದ್ದೇವೆಂಬ ಹೆಮ್ಮೆಯಲ್ಲಿ ಪ್ರೇಮಿಗಳಾಗುತ್ತಾರೆ.

ಇದು ‘ದಿ ಫೆಂಟಾಸ್ಟಿಕ್ಸ್’ ಎಂಬ ಸಂಗೀತ ನಾಟಕದ ಆರಂಭ. 1960ರ ಮೇ 3ರಂದು ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್ ಬಡಾವಣೆಯ ಸಲಿವನ್ ಸ್ಟ್ರೀಟ್ ಪ್ಲೇಹೌಸ್ ಎಂಬ ಪುಟ್ಟ ರಂಗಮಂದಿರದಲ್ಲಿ ಶುರುವಾದ ಪ್ರಯೋಗ ಅಲ್ಲೇ ನಡೆಯುತ್ತ ಹೋಯಿತು. 2002ರ ಜನವರಿ 13ರಂದು ಕೊನೆಗೊಂಡಾಗ 17,162 ಪ್ರದರ್ಶನಗಳಾಗಿದ್ದವು. ಐಸೆನ್‌ಹೋವರ್ ಅವರಿಂದ ಕಿರಿಯ ಬುಷ್ ಅವರವರೆಗೆ ಹತ್ತು ಮಂದಿ ಅಧ್ಯಕ್ಷರು ಶ್ವೇತಭವನದಲ್ಲಿ ಬಂದು ಕೂತರು. ನಾಟಕ ಮಾತ್ರ ಅದೇ ಬೀದಿಯ ಅದೇ ಮಂದಿರದಲ್ಲಿತ್ತು. ನೂರೈವತ್ತರ ಆಸುಪಾಸಿನ ಕುರ್ಚಿಗಳ ಆ ಮಂದಿರ ಬ್ರಾಡ್‌ವೇ ನಾಟಕಶಾಲೆಯೊಂದರ ಮೂಲೆಯಲ್ಲಿ ಅಡಗಿಹೋಗುವಷ್ಟು ಚಿಕ್ಕದು.

ಇಷ್ಟು ದೀರ್ಘಾಯುಸ್ಸಿನ ನಾಟಕವೆಂದರೆ ಏನೋ ಘನವಾದ ವಸ್ತುವಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಇಲ್ಲಿರುವುದು ಒಬ್ಬ ಹುಡುಗ, ಒಬ್ಬ ಹುಡುಗಿ, ಒಂದು ಗೋಡೆ. ಆ ಗೋಡೆಯೂ ನಿಜವಾದದ್ದಲ್ಲ. ಮಾತೇ ಆಡದ ಒಬ್ಬ ನಟ ವೇದಿಕೆಯ ನಡುವೆ ನಿಂತು ಒಂದು ಕೋಲನ್ನು ಅಡ್ಡಲಾಗಿ ಹಿಡಿಯುತ್ತಾನೆ. ಅಷ್ಟೇ ಗೋಡೆ.

ಗೋಡೆಯ ಪಾತ್ರವನ್ನು ಮನುಷ್ಯನೇ ಮಾಡುವುದು ರಂಗಭೂಮಿಯ ಹಳೆಯ ತಮಾಷೆ. ರೋಮಿನ ಕವಿ ಓವಿಡ್ ಹೇಳಿದ ಪಿರಮಸ್ ಮತ್ತು ಥಿಸ್ಬಿಯರ ಕಥೆಯಲ್ಲಿ ಪ್ರೇಮಿಗಳು ಗೋಡೆಯ ಬಿರುಕಿನಲ್ಲಿ ಪಿಸುಮಾತಾಡುತ್ತಾರೆ. ಅಲ್ಲಿ ಅದು ದುರಂತ. ಶೇಕ್ಸ್‌ಪಿಯರ್ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಿ ಅದೇ ಕಥೆಯನ್ನು ಕುಶಲಕರ್ಮಿಗಳ ಕೈಗೆ ಕೊಟ್ಟು, ಪಾತ್ರೆ ರಿಪೇರಿ ಮಾಡುವವನೊಬ್ಬನನ್ನು ಗೋಡೆಯಾಗಿ ನಿಲ್ಲಿಸಿ, ಬೆರಳುಗಳ ಸಂದನ್ನೇ ಬಿರುಕು ಮಾಡಿದ. ಜನ ನಕ್ಕರು. ಸುಮಾರು ಮೂರು ಶತಮಾನದ ಮೇಲೆ, 1894ರಲ್ಲಿ, ಎಡ್ಮಂಡ್ ರೊಸ್ತಾನ್ ಎಂಬ ಇಪ್ಪತ್ತಾರರ ಫ್ರೆಂಚ್ ಕವಿ ಅದೇ ಗೋಡೆಗೆ ಹೊಸ ತಿರುವು ಕೊಟ್ಟ. ‘ಸಿರಾನೊ ದ ಬೆರ್ಜರಾಕ್’ ಬರೆದು ಲೋಕಪ್ರಸಿದ್ಧನಾಗುವುದಕ್ಕೆ ಅವನಿಗೆ ಇನ್ನೂ ಮೂರು ವರ್ಷವಿತ್ತು. ಪ್ಯಾರಿಸ್ಸಿನ ಕೊಮೆಡಿ ಫ್ರಾಂಸೇಸ್‌ನಲ್ಲಿ ಆಡಿದ ‘ಲೆ ರೊಮಾನೆಸ್ಕ್’ ಎಂಬ ಪದ್ಯನಾಟಕದಲ್ಲಿ ಅವನು ಕೇಳಿದ್ದು ಇದು: ಗೋಡೆ ಕಟ್ಟಿದವರಿಗೇ ಅದು ಬೀಳಲಿ ಎಂಬ ಆಸೆ ಇದ್ದರೆ? ಮಕ್ಕಳು ಗೋಡೆಯ ಬಳಿ ‘ರೋಮಿಯೋ ಅಂಡ್ ಜೂಲಿಯೆಟ್’ ಓದುತ್ತಾರೆ. ಅಪ್ಪಂದಿರು ಹಿತ್ತಿಲಲ್ಲಿ ನಗುತ್ತಾರೆ. ಈ ಫ್ರೆಂಚ್ ನಾಟಕವನ್ನು ‘ಜಾರ್ಜ್ ಫ್ಲೆಮಿಂಗ್’ ಎಂಬ ಗಂಡು ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕಿಯೊಬ್ಬರು 1900ರಲ್ಲಿ ಇಂಗ್ಲಿಷಿಗೆ ತಂದರು. ‘ದಿ ಫೆಂಟಾಸ್ಟಿಕ್ಸ್’ ಎಂಬ ಹೆಸರು ಅವರು ಇಟ್ಟದ್ದು.

ಅದನ್ನು ಸಂಗೀತ ನಾಟಕ ಮಾಡಲು ಹೊರಟವರು ಟೆಕ್ಸಸ್‌ನ ಇಬ್ಬರು ತರುಣರು. ಮಾತು ಮತ್ತು ಹಾಡಿನ ಸಾಹಿತ್ಯ ಟಾಮ್ ಜೋನ್ಸ್ ಅವರದು, ಸ್ವರ ಸಂಯೋಜನೆ ಹಾರ್ವೆ ಶ್ಮಿಟ್ ಅವರದು. ಗಾಯಕ ಟಾಮ್ ಜೋನ್ಸ್ ಬೇರೆ, ಈತ ಬೇರೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ ವಿದ್ಯಾರ್ಥಿಗಳ ನಾಟಕಕೂಟದಲ್ಲಿ ಇಬ್ಬರಿಗೂ ಪರಿಚಯವಾಯಿತು. ಕೊರಿಯಾ ಯುದ್ಧದ ದಿನಗಳಲ್ಲಿ ಇಬ್ಬರನ್ನೂ ಸೈನ್ಯ ಬೇರೆ ಬೇರೆ ಕಡೆಗೆ ಕಳಿಸಿದಾಗ ಅಂಚೆಯಲ್ಲಿ ಹಾಡು ಕಟ್ಟಿದರು. ಸಾಹಿತ್ಯ ಒಂದು ಕಡೆಯಿಂದ ಹೋಗುವುದು, ಧಾಟಿ ಇನ್ನೊಂದು ಕಡೆಯಿಂದ ಬರುವುದು. ಶ್ಮಿಟ್ ಓದಿದ್ದು ಚಿತ್ರಕಲೆ, ಹೊಟ್ಟೆಪಾಡು ಪತ್ರಿಕೆಗಳಿಗೆ ಚಿತ್ರ ಬರೆಯುವುದರಿಂದ. ಸ್ವರಲಿಪಿ ಓದಲೂ ಬರೆಯಲೂ ಬಾರದ ಮನುಷ್ಯ ಪಿಯಾನೊ ಮುಂದೆ ಕೂತರೆ ಕಿವಿಯೇ ಗುರು. ನಾಟಕದ ಭಿತ್ತಿಪತ್ರದ ಮೇಲಿನ ಆ ಬಳುಕುವ ಕೈಬರಹವೂ ಅವರದೇ.

ಈ ಜೋಡಿ ಮೊದಲು ಮಾಡಿದ್ದು ದೊಡ್ಡ ನಾಟಕ. ರೊಸ್ತಾನನ ಕಥೆಯನ್ನು ಅಮೆರಿಕದ ನೈರುತ್ಯಕ್ಕೆ ಸಾಗಿಸಿ, ಎರಡು ಮನೆಗಳನ್ನು ಎರಡು ಪಶುಪಾಲನೆಯ ರಾಂಚ್‌ಗಳನ್ನಾಗಿ ಮಾಡಿ, ಒಂದು ಕಡೆ ಬಿಳಿಯರು ಇನ್ನೊಂದು ಕಡೆ ಮೆಕ್ಸಿಕೊ ಮೂಲದವರು ಎಂದು ಹಿಗ್ಗಿಸಿ, ಬ್ರಾಡ್‌ವೇ ಅಳತೆಗೆ ಏರಿಸಿದರು. ‘ಜಾಯ್ ಕಮ್ಸ್ ಟು ಡೆಡ್‌ಹಾರ್ಸ್’ ಎಂಬ ಹೆಸರಿನಲ್ಲಿ, ಜೋನ್ಸ್ ಬೇರೊಬ್ಬ ಸಂಯೋಜಕರೊಡನೆ ಮಾಡಿದ ಇದರ ಒಂದು ರೂಪ 1956ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ರಂಗಕ್ಕೆ ಬಂತು. ಬರೆದವರಿಗೇ ತೃಪ್ತಿಯಾಗಲಿಲ್ಲ. ಆ ಮೇಲೆ ಜೋನ್ಸ್ ಮತ್ತು ಶ್ಮಿಟ್ ವರ್ಷಗಟ್ಟಲೆ ತಿದ್ದಿದರು, ಇನ್ನಷ್ಟು ಸೇರಿಸಿದರು. ಸೇರಿಸಿದಷ್ಟೂ ಭಾರವಾಯಿತು. ಲಘು ಪ್ರೇಮಕಥೆಯ ಬೆನ್ನ ಮೇಲೆ ಜನಾಂಗ ಸಂಘರ್ಷದ ಮೂಟೆ ಹೇರಿದರೆ ಅದು ನಡೆಯುವುದಾದರೂ ಹೇಗೆ? ಆ ಮೂಟೆಯನ್ನು ಹೊರಬಲ್ಲ ಬೇರೊಂದು ನಾಟಕ, ‘ವೆಸ್ಟ್ ಸೈಡ್ ಸ್ಟೋರಿ’, 1957ರಲ್ಲಿ ಬಂದೇ ಬಿಟ್ಟಿತು.

ಅವರನ್ನು ಉಳಿಸಿದ್ದು ಗಡುವು. 1959ರಲ್ಲಿ ಟೆಕ್ಸಸ್ ದಿನಗಳ ಗೆಳೆಯ, ನಿರ್ದೇಶಕ ವರ್ಡ್ ಬೇಕರ್, ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಬೇಸಿಗೆ ರಂಗದಲ್ಲಿ ಏಕಾಂಕಗಳ ಜವಾಬ್ದಾರಿ ಹೊತ್ತಿದ್ದರು. ಕೆಲವೇ ವಾರಗಳಲ್ಲಿ ಒಂದಂಕದ ನಾಟಕ ಕೊಟ್ಟರೆ ಆಡಿಸುತ್ತೇನೆ ಎಂದರು. ಜೋನ್ಸ್ ಮತ್ತು ಶ್ಮಿಟ್ ರಾಂಚ್‌ಗಳನ್ನು ಕಿತ್ತೆಸೆದರು, ಮೆಕ್ಸಿಕೊವನ್ನು ಬಿಟ್ಟರು, ಮೇಳವನ್ನು ಬಿಟ್ಟರು. ಒಂದು ಗೋಡೆ, ಒಂದು ಹುಡುಗಿ, ಒಂದು ಹುಡುಗ, ಇಬ್ಬರು ಅಪ್ಪಂದಿರು, ಒಬ್ಬ ಬಾಡಿಗೆ ಡಕಾಯಿತ, ಇಬ್ಬರು ಮುದಿ ನಟರು, ಒಬ್ಬ ಮೂಕ: ಇಷ್ಟೇ ಉಳಿಯಿತು. ಬಾರ್ನಾರ್ಡ್ ಪ್ರಯೋಗವನ್ನು ಲೋರ್ ನೋಟೊ ಎಂಬ ಹೊಸ ನಿರ್ಮಾಪಕ ನೋಡಿದರು. ಇದನ್ನೇ ಎರಡಂಕಕ್ಕೆ ಬೆಳೆಸಿ, ತಾನು ದುಡ್ಡು ಕೂಡಿಸುತ್ತೇನೆ ಎಂದರು. ಬಾರ್ನಾರ್ಡ್‌ನಲ್ಲಿ ಹುಡುಗಿಯಾಗಿದ್ದ ಸೂಸನ್ ವಾಟ್ಸನ್ ಅಷ್ಟರಲ್ಲಿ ‘ಬೈ ಬೈ ಬರ್ಡಿ’ಯಲ್ಲಿ ನಟಿಸಲು ಬ್ರಾಡ್‌ವೇಗೆ ಹೋಗಿಬಿಟ್ಟರು. ಅವರ ಜಾಗಕ್ಕೆ ರೀಟಾ ಗಾರ್ಡ್ನರ್ ಬಂದರು.

ಖರ್ಚಿನ ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ರಂಗಸಜ್ಜಿಕೆಗೆ 900 ಡಾಲರ್, ಉಡುಪಿಗೆ 541 ಡಾಲರ್. ಬ್ರಾಡ್‌ವೇ ಸಂಗೀತ ನಾಟಕಗಳು ಲಕ್ಷಗಟ್ಟಲೆ ಡಾಲರ್ ನುಂಗುತ್ತಿದ್ದ ಕಾಲವದು. ಎಡ್ ವಿಟ್‌ಸ್ಟೀನ್ ಎಂಬ ಒಬ್ಬರೇ ಕಲಾವಿದರು ಸಜ್ಜಿಕೆ, ಉಡುಪು, ಪರಿಕರ, ಬೆಳಕು ನಾಲ್ಕನ್ನೂ ನೋಡಿಕೊಂಡರು. ಅವರಿಗೆ ಸಿಕ್ಕಿದ್ದು ಒಟ್ಟು 480 ಡಾಲರ್, ಜೊತೆಗೆ ವಾರಕ್ಕೆ 24 ಡಾಲರ್ ಮತ್ತು ಚಿಲ್ಲರೆ. ಆರು ಕಂಬಗಳ ಒಂದು ಜಗಲಿ, ಊರೂರು ಸುತ್ತುವ ನಾಟಕದವರ ಬಂಡಿಯ ಹಾಗೆ. ಒಂದು ಪೆಟ್ಟಿಗೆ. ಒಂದು ರಟ್ಟಿನ ಬಿಲ್ಲೆ: ಒಂದು ಮುಖಕ್ಕೆ ಹಳದಿ ಬಳಿದರೆ ಸೂರ್ಯ, ಮಗ್ಗುಲು ಬದಲಿಸಿದರೆ ಕಪ್ಪಿನ ಮೇಲೆ ಬಿಳಿಯ ಚಂದ್ರರೇಖೆ. ಮೊಳೆಗೆ ನೇತುಹಾಕಿದರೆ ರಾತ್ರಿಯಾಯಿತು. ವಾದ್ಯಗಳೆಂದರೆ ಒಂದು ಪಿಯಾನೊ, ಒಂದು ಹಾರ್ಪ್. ಮಳೆ ಬರಬೇಕಾದಾಗ ಮೂಕ ಬಣ್ಣದ ಕಾಗದದ ಚೂರುಗಳನ್ನು ತೂರುತ್ತಾನೆ.

ಯಕ್ಷಗಾನದ ರಂಗಸ್ಥಳದಲ್ಲಿ ಇಬ್ಬರು ಹಿಡಿದ ತೆರೆಯನ್ನೂ ಮರದ ಪೀಠವೇ ರಥವಾಗುವುದನ್ನೂ ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿ ಕಾಣದು. ಕುದುರೆ, ಕಾರು, ಅರಮನೆ ಎಲ್ಲವನ್ನೂ ನಿಜವಾಗಿ ತಂದು ತೋರಿಸಬೇಕೆಂಬ ಹಟದಲ್ಲಿದ್ದ ಬ್ರಾಡ್‌ವೇಗೆ ಮಾತ್ರ ಇದು ಹೊಸ ಗಾಳಿ. ಬಡತನದಿಂದ ಹುಟ್ಟಿದ ಉಪಾಯವೋ, ಬೇಕೆಂದೇ ಆರಿಸಿಕೊಂಡ ಶೈಲಿಯೋ ಎಂದು ಕೇಳಿದರೆ ಎರಡೂ ಹೌದು. ಇಟಲಿಯ ಮುಖವಾಡ ಪ್ರಹಸನ, ಥಾರ್ನ್‌ಟನ್ ವೈಲ್ಡರ್ ಅವರ ಖಾಲಿ ರಂಗ, ಪೂರ್ವದೇಶಗಳ ರಂಗರೂಢಿಗಳು ಜೋನ್ಸ್ ಅವರ ತಲೆಯಲ್ಲಿದ್ದವು. ಕೈಯಲ್ಲಿ ದುಡ್ಡಿರಲಿಲ್ಲ.

ಮೊದಲ ರಾತ್ರಿಯ ವಿಮರ್ಶೆಗಳು ಹಾಗೂ ಇಲ್ಲ, ಹೀಗೂ ಇಲ್ಲ. ‘ನ್ಯೂಯಾರ್ಕ್ ಟೈಮ್ಸ್’ನ ಬ್ರೂಕ್ಸ್ ಅಟ್ಕಿನ್ಸನ್ ಮೊದಲ ಅಂಕವನ್ನು ಮೆಚ್ಚಿ, ಎರಡನೆಯದರಲ್ಲಿ ಆ ಮೋಡಿ ಉಳಿಯಲಿಲ್ಲ ಎಂದರು. ಆಗಿನ ದಿನಗಳಲ್ಲಿ ಅಟ್ಕಿನ್ಸನ್ ಮೂಗು ಮುರಿದರೆ ಮಂದಿರಕ್ಕೆ ಬೀಗ. ಗಲ್ಲಾಪೆಟ್ಟಿಗೆ ತುಂಬಲಿಲ್ಲ, ಮುಚ್ಚಿಬಿಡಿ ಎಂಬ ಹಿತವಚನಗಳು ಬಂದವು. ನೋಟೊ ಕೇಳಲಿಲ್ಲ. ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರನ್ನು ಕರೆತಂದರು. ಆ ನೋಟೊ ನಿರ್ಮಾಪಕನಾಗಿ ಉಳಿದದ್ದು ಮಾತ್ರವಲ್ಲ, ಮುಂದೆ ಹುಡುಗನ ಅಪ್ಪ ಹಕಲ್‌ಬೀಯ ಪಾತ್ರವನ್ನು ವರ್ಷಾನುಗಟ್ಟಲೆ ತಾವೇ ಆಡಿದರು. 1986ರಲ್ಲಿ ನಾಟಕ ನಿಲ್ಲಿಸುವ ಮಾತು ಬಂದಾಗ ಅಭಿಮಾನಿಗಳು ಎಬ್ಬಿಸಿದ ಗುಲ್ಲಿಗೆ ಆ ತೀರ್ಮಾನವೇ ಹಿಂದೆ ಸರಿಯಿತು.

ಜನ ಮನೆಗೆ ಗುನುಗುತ್ತ ಒಯ್ದದ್ದು ಆರಂಭದ ಹಾಡು, ‘ಟ್ರೈ ಟು ರಿಮೆಂಬರ್’. ಬೇರೊಂದು ಧಾಟಿಯೊಡನೆ ಗುದ್ದಾಡಿ ದಣಿದಿದ್ದ ಶ್ಮಿಟ್ ಪಿಯಾನೊ ಮೇಲೆ ಸುಮ್ಮನೆ ಬೆರಳಾಡಿಸಿದಾಗ ಇದು ಒಂದೇ ಉಸಿರಿನಲ್ಲಿ ಬಂತಂತೆ. ಅದಕ್ಕೆ ಸರಿಹೊಂದುವ ಸಾಹಿತ್ಯ ಕೂಡಿಸಲು ಜೋನ್ಸ್ ಅವರಿಗೆ ವಾರಗಳೇ ಹಿಡಿದವು. ಅದನ್ನು ಮೊದಲು ಹಾಡಿದವರು ಡಕಾಯಿತ ಎಲ್ ಗಾಯೊ ಪಾತ್ರದ ಜೆರಿ ಓರ್ಬ್ಯಾಕ್. ದಶಕಗಳ ಮೇಲೆ ‘ಲಾ ಅಂಡ್ ಆರ್ಡರ್’ ಧಾರಾವಾಹಿಯ ಪತ್ತೇದಾರನಾಗಿ ಅಮೆರಿಕದ ಮನೆಮನೆಗೂ ಗೊತ್ತಾದ ಮುಖ ಅದೇ. 1963ರಲ್ಲಿ ಬಾರ್ಬ್ರಾ ಸ್ಟ್ರೈಸೆಂಡ್ ತಮ್ಮ ಮೊದಲ ಆಲ್ಬಮ್‌ಗೆ ಇದೇ ನಾಟಕದ ಬೇರೆ ಎರಡು ಹಾಡುಗಳನ್ನು ಆರಿಸಿಕೊಂಡರು. ಗಲ್ಲಿಯ ನಾಟಕ ರೇಡಿಯೊ ಹತ್ತಿ ಊರು ಸುತ್ತಿದ್ದು ಹೀಗೆ.

ಈಗ ಕಥೆಯ ಉಳಿದರ್ಧ. ಜಗಳ ಆಡಿದ್ದಾಯಿತು, ಇನ್ನು ರಾಜಿಯಾಗಲು ನೆಪ ಬೇಕು. ಅಪ್ಪಂದಿರು ಎಲ್ ಗಾಯೊನನ್ನು ಕೂಲಿಗೆ ಗೊತ್ತುಮಾಡುತ್ತಾರೆ. ಅವನು ಹುಡುಗಿಯನ್ನು ಅಪಹರಿಸುವಂತೆ ನಟಿಸಬೇಕು, ಹುಡುಗ ಕತ್ತಿ ಹಿಡಿದು ಬಿಡಿಸಬೇಕು, ಡಕಾಯಿತ ಸೋತು ಸಾಯಬೇಕು. ಅಪಹರಣದಲ್ಲಿ ನಾನಾ ತರಗತಿ. ಕುದುರೆ ಬೇಕೆ, ವಾದ್ಯ ಬೇಕೆ, ಬೆಳದಿಂಗಳು ಬೇಕೆ, ಒಂದೊಂದಕ್ಕೂ ಒಂದೊಂದು ದರ. ಅವನ ಕೈಕೆಳಗೆ ದುಡಿಯಲು ಪೆಟ್ಟಿಗೆಯೊಳಗಿಂದ ಇಬ್ಬರು ಮುದಿ ನಟರು ಎದ್ದು ಬರುತ್ತಾರೆ. ಹೆನ್ರಿ ಎಂಬವನು ಶೇಕ್ಸ್‌ಪಿಯರನ ಸಾಲುಗಳನ್ನು ಅರ್ಧಕ್ಕೆ ಮರೆತು ಮತ್ತೊಂದರ ಬಾಲಕ್ಕೆ ಜೋಡಿಸುತ್ತಾನೆ. ಮಾರ್ಟಿಮರ್‌ನ ಕಸುಬೇ ಸಾಯುವುದು, ನಲವತ್ತು ವರ್ಷದಿಂದ ರಂಗದ ಮೇಲೆ ಸತ್ತು ಸತ್ತು ಪಳಗಿದವನು. ಮೊದಲ ಪ್ರಯೋಗದಲ್ಲಿ ಹೆನ್ರಿಯಾದವರು ಸ್ವತಃ ಟಾಮ್ ಜೋನ್ಸ್, ‘ಥಾಮಸ್ ಬ್ರೂಸ್’ ಎಂಬ ಮರೆಹೆಸರಿನಲ್ಲಿ. ಹುಡುಗ ಗೆಲ್ಲುತ್ತಾನೆ, ಮನೆಗಳು ಒಂದಾಗುತ್ತವೆ, ಬೆಳದಿಂಗಳಲ್ಲಿ ಎಲ್ಲರೂ ಚಿತ್ರಪಟದಂತೆ ನಿಂತಾಗ ಮೊದಲ ಅಂಕ ಮುಗಿಯುತ್ತದೆ.

ಎರಡನೆಯ ಅಂಕಕ್ಕೆ ತೆರೆ ಸರಿದಾಗ ಅದೇ ಭಂಗಿಯಲ್ಲಿ ಅದೇ ಜನ. ರಟ್ಟಿನ ಬಿಲ್ಲೆಯ ಮಗ್ಗುಲು ಮಾತ್ರ ಬದಲಾಗಿದೆ, ಈಗ ಸುಡುಬಿಸಿಲು. ಕೈ ಸೋಲುತ್ತದೆ, ಬೆವರು ಇಳಿಯುತ್ತದೆ. ಅವಳ ಮೂಗು ಇಷ್ಟು ದಿನ ಕಂಡಂತಿಲ್ಲ, ಅವನ ಮಾತು ಇಷ್ಟು ದಿನ ಕೇಳಿದಂತಿಲ್ಲ. ಅಷ್ಟರಲ್ಲಿ ಅಪಹರಣದ ಬಿಲ್ ಬೆಳಕಿಗೆ ಬರುತ್ತದೆ. ತಾವು ವೀರಪ್ರೇಮಿಗಳೆಂದು ಬೀಗಿದವರಿಗೆ ತಮ್ಮ ಪ್ರೇಮ ಅಪ್ಪಂದಿರ ತಕ್ಕಡಿಯಲ್ಲಿ ತೂಗಿದ ಸರಕೆಂದು ತಿಳಿಯುತ್ತದೆ. ಅಪ್ಪಂದಿರೂ ನಿಜವಾಗಿಯೇ ಜಗಳಕ್ಕೆ ಬೀಳುತ್ತಾರೆ, ಆಮೇಲೆ ಒಟ್ಟಿಗೆ ಕೂತು, ಮೂಲಂಗಿ ಬಿತ್ತಿದರೆ ಮೂಲಂಗಿ ಬರುತ್ತದೆ, ಮಕ್ಕಳ ವಿಷಯದಲ್ಲಿ ಆ ಭರವಸೆ ಇಲ್ಲ ಎಂಬ ಅರ್ಥದ ಹಾಡು ಹಾಡುತ್ತಾರೆ. ಹುಡುಗ ಲೋಕ ನೋಡಲು ಹೊರಟು ಪೆಟ್ಟು ತಿನ್ನುತ್ತಾನೆ. ಹುಡುಗಿ ಎಲ್ ಗಾಯೊನಿಗೆ ಮನಸೋಲುತ್ತಾಳೆ. ಅವನು ಕೊಟ್ಟ ಮುಖವಾಡದ ಕಣ್ಣಿನಿಂದ ನೋಡಿದರೆ ದೂರದಲ್ಲಿ ಬೇಯುತ್ತಿರುವ ಹುಡುಗನ ಚೀತ್ಕಾರವೂ ಹಬ್ಬದ ಗದ್ದಲದಂತೆ ಕಾಣುತ್ತದೆ. ಕೊನೆಗೆ ಎಲ್ ಗಾಯೊ ಅವಳ ತಾಯಿಯ ಹಾರ ಇಸಿದುಕೊಂಡು ಮಾಯವಾಗುತ್ತಾನೆ. ಇಬ್ಬರೂ ಗಾಯಗೊಂಡು ಮರಳಿ ಹಳೆಯ ಗೋಡೆಯ ಹತ್ತಿರ ಭೇಟಿಯಾಗುತ್ತಾರೆ. ಅಪ್ಪಂದಿರು ಖುಷಿಯಲ್ಲಿ ಗೋಡೆ ಕೆಡವೋಣವೆಂದಾಗ ಎಲ್ ಗಾಯೊ ತಡೆಯುತ್ತಾನೆ: ಅದು ಇರಲಿ.

ಅಟ್ಕಿನ್ಸನ್ ಅವರ ದೂರಿಗೆ ಇಲ್ಲೇ ಉತ್ತರವಿದೆ. ಎರಡನೆಯ ಅಂಕದಲ್ಲಿ ಮೋಡಿ ಉಳಿಯದಿರುವುದೇ ನಾಟಕದ ಉದ್ದೇಶ. ಮೊದಲ ಅಂಕವೊಂದೇ ಆಗಿದ್ದರೆ ಇದು ಚಂದದ ಕಾಲೇಜು ಪ್ರಹಸನವಾಗಿ, ಬೇಸಿಗೆ ಮುಗಿದ ಮೇಲೆ ಮರೆತುಹೋಗುತ್ತಿತ್ತು. ಆದರೂ ವಿಮರ್ಶಕರ ಕಣ್ಣು ಪೂರ್ತಿ ತಪ್ಪಿರಲಿಲ್ಲ. ಹುಡುಗನ ಲೋಕಸಂಚಾರದ ಭಾಗ ಅವಸರದ್ದು, ಒಂದು ಹಾಡಿನಲ್ಲಿ ಒಂದು ಬದುಕಿನ ಕಷ್ಟ ತೀರಿಹೋಗುತ್ತದೆ. ನುರಿತ ನಿರ್ದೇಶಕರೂ ಅಲ್ಲಿ ಬೆವರುತ್ತಾರೆ.

ಅಮೆರಿಕದ ಹೈಸ್ಕೂಲು, ಕಾಲೇಜು, ಹವ್ಯಾಸಿ ತಂಡಗಳಲ್ಲಿ ಈ ನಾಟಕ ಸಾವಿರಾರು ಸಲ ಆಡಿದೆ. ಕಾರಣ ಸರಳ. ಎಂಟು ಜನ ಸಾಕು. ಸಜ್ಜಿಕೆ ಶಾಲೆಯ ಉಗ್ರಾಣದಲ್ಲೇ ಸಿಗುತ್ತದೆ. ಹಾರ್ಪ್ ನುಡಿಸುವವರು ಸಿಗದಿದ್ದರೆ ಕೀಬೋರ್ಡ್ ಸಾಗುತ್ತದೆ, ರುಚಿ ಕೊಂಚ ಕಡಿಮೆಯಾದರೂ. ನಾಯಕಿಗೆ ಹದಿನಾರು, ನಾಯಕನಿಗೆ ಇಪ್ಪತ್ತು, ಆಡುವವರ ವಯಸ್ಸೂ ಅದೇ. ಹೆಸರು ಮಾಡುವ ಮುನ್ನ ಈ ಗೋಡೆಯ ಅಕ್ಕಪಕ್ಕ ನಿಂತವರ ಪಟ್ಟಿ ಉದ್ದವಿದೆ: 1964ರಲ್ಲಿ ಲೈಝಾ ಮಿನೆಲಿ ಮತ್ತು ಎಲಿಯಟ್ ಗೌಲ್ಡ್ ಇದನ್ನು ಊರೂರಿಗೆ ಒಯ್ದರು. ‘ಅಮೆಡಿಯಸ್’ ಚಿತ್ರದ ಸಾಲಿಯೇರಿಯಾಗಿ ಆಸ್ಕರ್ ಗೆದ್ದ ಎಫ್. ಮರ್ರೆ ಏಬ್ರಹಾಂ ಕೂಡ ಇದರಲ್ಲಿ ಆಡಿದವರೇ.

ಆದರೆ ಸುಲಭವಾಗಿ ರಂಗಕ್ಕೇರಿಸಬಹುದು ಎಂದ ಮಾತ್ರಕ್ಕೆ ಸುಲಭದ ನಾಟಕವಲ್ಲ. ಎಳೆಯ ನಟರು ಎಡವುವುದು ಒಂದೇ ಕಡೆ. ಹುಡುಗಿ ಲೂಯೀಸಾ ತನಗೆ ಏನಾದರೂ ಅದ್ಭುತ ಘಟಿಸಲಿ, ತಾನು ಎಲ್ಲರಂತೆ ಆಗದಿರಲಿ ಎಂದು ಹಂಬಲಿಸುವಾಗ ಪ್ರೇಕ್ಷಕರು ನಗುತ್ತಾರೆ. ಆ ನಗು ಕೇಳಿದೊಡನೆ ನಟಿಗೆ ತಾನೂ ಪಾತ್ರವನ್ನು ಗೇಲಿಮಾಡುವ ಆಸೆ ಹುಟ್ಟುತ್ತದೆ. ಕಣ್ಣು ಮಿಟುಕಿಸಿದಳೋ, ಹಾಸ್ಯ ಸತ್ತಿತು. ಲೂಯೀಸಾಳಿಗೆ ತಾನು ಹಾಸ್ಯದ ಪಾತ್ರವೆಂದು ಗೊತ್ತಿಲ್ಲ. ಮೂವತ್ತು ದಾಟಿದ ನಟಿಗೆ ಆ ಮುಗ್ಧತೆಯನ್ನು ಕಟ್ಟಿಕೊಳ್ಳಬೇಕು, ಹದಿನೇಳರ ಹುಡುಗಿಗೆ ಅದು ಇದ್ದೇ ಇರುತ್ತದೆ, ನಾಚಿಕೊಂಡು ಮುಚ್ಚಿಡದಿದ್ದರೆ ಸಾಕು. ಎರಡನೆಯ ಅಂಕದಲ್ಲಿ ಲೆಕ್ಕ ತಿರುಗುಮುರುಗು. ಮೋಸಹೋದವರ ದಣಿವನ್ನು ತೋರಿಸುವುದು ಎಳೆಯರಿಗೆ ಕಷ್ಟ. ಮೂಕನ ಪಾತ್ರವಂತೂ ಹೊಸ ನಿರ್ದೇಶಕರು ಸಾಮಾನ್ಯವಾಗಿ ಹಗುರ ಮಾಡುವಂಥದು, ಹಾಡಲು ಬಾರದವನಿಗೆ ಕೊಡುವಂಥದು. ಕೋಲು ಹಿಡಿದ ಆ ತೋಳು ಕ್ಷಣ ಜೋಲಿದರೆ ಗೋಡೆ ಬಿತ್ತು, ಗೋಡೆ ಬಿದ್ದರೆ ಕಥೆಯೂ ಬಿತ್ತು.

ಈ ನಾಟಕ ನಿಂತಿರುವುದು ಆ ಕೋಲಿನ ಗೋಡೆಯ ಮೇಲೆಯೇ ಎಂಬುದಕ್ಕೆ ಸಿನಿಮಾ ಒದಗಿಸಿದ ಸಾಕ್ಷ್ಯ ಸ್ವಾರಸ್ಯವಾಗಿದೆ. ಮೈಕಲ್ ರಿಚಿ 1995ರಲ್ಲಿ ಇದನ್ನು ಚಿತ್ರವಾಗಿ ತೆಗೆದರು. ವಿಶಾಲ ಹುಲ್ಲುಗಾವಲು, ನಿಜವಾದ ಮನೆಗಳು, ಎಲ್ ಗಾಯೊನಿಗೆ ಒಂದು ಸಂಚಾರಿ ಜಾತ್ರೆ. ಚಿತ್ರ ಐದು ವರ್ಷ ಡಬ್ಬಿಯಲ್ಲೇ ಉಳಿಯಿತು. 2000ದಲ್ಲಿ ಕತ್ತರಿ ಆಡಿಸಿಕೊಂಡು ಹೊರಬಂದು ಸದ್ದಿಲ್ಲದೆ ಹೋಯಿತು. ಕಾಗದದ ಚೂರಿನ ಮಳೆಯಲ್ಲಿ ನೆನೆಯುವ ಪ್ರೇಮಿಗಳನ್ನು ನಂಬಿದ ಜನ ನಿಜವಾದ ಆಕಾಶದ ಕೆಳಗೆ ನಂಬಲಿಲ್ಲ.

ನಾಟಕ ಸವೆಯದೆ ಉಳಿದರೂ ಬದಲಾಗದೆ ಉಳಿಯಲಿಲ್ಲ. ಅಪಹರಣಗಳ ದರಪಟ್ಟಿಯ ಹಾಡಿನಲ್ಲಿ ಜೋನ್ಸ್ ಹಳೆಯ ಕಾವ್ಯದ ಬಳಕೆಯಂತೆ ಒಂದು ಇಂಗ್ಲಿಷ್ ಪದವನ್ನು ಅಪಹರಣದ ಅರ್ಥದಲ್ಲಿ ಬಳಸಿದ್ದರು. ಕೇಳುವವರಿಗೆ ಮಾತ್ರ ಅದು ಅತ್ಯಾಚಾರವೇ. ವರ್ಷ ಕಳೆದಂತೆ ಸಭಾಂಗಣದ ನಗು ತೆಳುವಾಯಿತು, ಶಾಲೆಗಳು ಹಿಂಜರಿದವು. ಜೋನ್ಸ್ ಹಟ ಹಿಡಿಯದೆ ಹಾಡನ್ನು ತಿದ್ದಿಕೊಟ್ಟರು. ಸಲಿವನ್ ಬೀದಿಯ ಪ್ರಯೋಗ ನಿಂತ ನಾಲ್ಕು ವರ್ಷಕ್ಕೆ, 2006ರಲ್ಲಿ, ನ್ಯೂಯಾರ್ಕಿನ ಬೇರೊಂದು ಮಂದಿರದಲ್ಲಿ ನಾಟಕ ಮತ್ತೆ ಶುರುವಾಯಿತು. ಎಪ್ಪತ್ತು ದಾಟಿದ ಜೋನ್ಸ್ ನಿರ್ದೇಶನವನ್ನೂ ಮಾಡಿ, ಆ ಮುದಿ ನಟನ ಪಾತ್ರವನ್ನೂ ಮತ್ತೆ ಹಾಕಿದರು. ಈ ಸಲ ಬಣ್ಣ ಬಳಿದು ಮುದುಕನಾಗಬೇಕಿರಲಿಲ್ಲ. ಆ ಪ್ರಯೋಗ 2017ರವರೆಗೆ ನಡೆಯಿತು.

ಶ್ಮಿಟ್ 2018ರಲ್ಲಿ ತೀರಿಕೊಂಡರು. ಜೋನ್ಸ್ ಅಷ್ಟಕ್ಕೇ ಲೇಖನಿ ಕೆಳಗಿಡಲಿಲ್ಲ. 2022ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ರೆಪರ್ಟರಿ ಥಿಯೇಟರ್ ಅವರದೇ ಹೊಸ ಪಾಠವನ್ನು ಆಡಿತು. ಅದರಲ್ಲಿ ಗೋಡೆಯ ಎರಡೂ ಕಡೆ ಹುಡುಗರು, ಲೂಯೀಸಾ ಈಗ ಲೂಯಿಸ್. ತೊಂಬತ್ತು ದಾಟಿದ ಸಾಹಿತಿ ಆ ಹೊಸ ಜೋಡಿಗೆ ಹೊಂದುವಂತೆ ಹಾಡುಗಳ ಸಾಲುಗಳನ್ನು ಕೂತು ತಿದ್ದಿದರು. ಮರುವರ್ಷದ ಆಗಸ್ಟ್‌ನಲ್ಲಿ, 95ನೆಯ ವಯಸ್ಸಿನಲ್ಲಿ, ಅವರೂ ಹೋದರು. ಶಾಲಾ ಕಾಲೇಜು ತಂಡಗಳಿಗೆ ನಾಟಕದ ಹಕ್ಕು ಈಗಲೂ ನ್ಯೂಯಾರ್ಕಿನ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಸಂಸ್ಥೆಯಿಂದ ಸಿಗುತ್ತದೆ. ಕೋಲು ಮಾತ್ರ ತಂಡದವರೇ ಹುಡುಕಿಕೊಳ್ಳಬೇಕು.